ಮೊದಲು ನಕಲು, ಆಮೇಲೆ ಕತ್ತರಿ ಎಂಬ ಚಿತ್ರವನ್ನು ತಿದ್ದಬೇಕಿದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ವಂಶವಾಹಿಗಳ ಕುರಿತು ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಕನ್ನಡದ ದಿನಪತ್ರಿಕೆಯೊಂದು ಇಷ್ಟು ಸ್ಥಳ ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ. ಲೇಖನದ ಜೊತೆಗಿದ್ದ ಚಿತ್ರದಲ್ಲಿ ಮೂರು ಚೌಕಗಳಿದ್ದವು. ಮೊದಲನೆಯದರಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎಯ ಪೂರ್ಣ ಪ್ರತಿ ಸಿದ್ಧವಾಗುತ್ತದೆ, ಎರಡನೆಯದರಲ್ಲಿ ಆ ಪ್ರತಿಯಿಂದ ಬೇಡದ ತುಣುಕುಗಳನ್ನು ಕತ್ತರಿಸಿ ಬೇಕಾದವನ್ನು ಜೋಡಿಸಲಾಗುತ್ತದೆ, ಮೂರನೆಯದರಲ್ಲಿ ಜೋಡಿಸಿದ ಪ್ರತಿ ಕೋಶಕೇಂದ್ರದಿಂದ ಹೊರಬೀಳುತ್ತದೆ. ಚೌಕದಿಂದ ಚೌಕಕ್ಕೆ ಒಂದೊಂದು ಬಾಣ. ಪದವಿ ವಿದ್ಯಾರ್ಥಿಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಜೀವವಿಜ್ಞಾನ ಬೋಧಿಸಿದ ನಾನೂ ಇದೇ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆ ಬಾಣಗಳಲ್ಲಿ ಮೊದಲನೆಯದು ಜೀವಕೋಶದಲ್ಲಿ ನಿಜವಾಗಿ ನಡೆಯುವುದನ್ನು ತೋರಿಸುವುದಿಲ್ಲ ಎಂಬುದು ನನಗೆ ಮನದಟ್ಟಾಗಲು ಬಹಳ ಕಾಲ ಹಿಡಿಯಿತು. ಹೊಸ ಓದುಗರಿಗೆ ಅಷ್ಟು ಕಾಲ ಹಿಡಿಯಬಾರದೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಿನ್ನೆಲೆಯನ್ನು ತುಸು ಹೇಳದೆ ಮುಂದೆ ಹೋಗಲಾಗದು. ಪ್ರೊಟೀನ್ ಒಂದರ ತಯಾರಿಕೆಗೆ ಬೇಕಾದ ಸೂಚನೆ ಡಿಎನ್‌ಎಯಲ್ಲಿ ನಡುವೆ ಎಲ್ಲೂ ತುಂಡಾಗದೆ ಒಂದೇ ಸಾಲಾಗಿ ಇರುತ್ತದೆ ಎಂದೇ 1977ರವರೆಗೆ ಭಾವಿಸಲಾಗಿತ್ತು. ಬ್ಯಾಕ್ಟೀರಿಯಾಗಳಲ್ಲಿ ಬಹುಮಟ್ಟಿಗೆ ಅದು ಹಾಗೆಯೇ ಇದೆ. ಆ ವರ್ಷ ಅಡಿನೋವೈರಸ್ಸನ್ನು ಅಭ್ಯಸಿಸುತ್ತಿದ್ದ ಎರಡು ತಂಡಗಳು, ಫಿಲಿಪ್ ಶಾರ್ಪ್ ಅವರದೊಂದು, ರಿಚರ್ಡ್ ರಾಬರ್ಟ್ಸ್ ಮತ್ತು ಸಹೋದ್ಯೋಗಿಗಳದೊಂದು, ವೈರಸ್ಸಿನ ಆರ್‌ಎನ್‌ಎಯನ್ನು ಅದರ ಡಿಎನ್‌ಎಗೆ ಹೊಂದಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವು. ಡಿಎನ್‌ಎಯ ಕೆಲವು ಭಾಗಗಳು ಜೋಡಿ ಸಿಗದೆ ಕುಣಿಕೆಗಳಂತೆ ಹೊರಚಾಚಿಕೊಂಡಿದ್ದವು. ಅಂದರೆ ವಂಶವಾಹಿಯಲ್ಲಿ ಇದ್ದ ಅಷ್ಟೂ ಬರಹ ಅಂತಿಮ ಆರ್‌ಎನ್‌ಎಯಲ್ಲಿ ಇರಲಿಲ್ಲ. ಈ ಶೋಧಕ್ಕಾಗಿ ಶಾರ್ಪ್ ಮತ್ತು ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಉಳಿಯುವ ತುಣುಕಿಗೆ ಎಕ್ಸಾನ್, ತೆಗೆದುಹಾಕುವ ತುಣುಕಿಗೆ ಇಂಟ್ರಾನ್ ಎಂಬ ಹೆಸರುಗಳನ್ನು 1978ರಲ್ಲಿ ಕೊಟ್ಟವರು ವಾಲ್ಟರ್ ಗಿಲ್ಬರ್ಟ್. ಇಂಟ್ರಾನ್‌ಗಳನ್ನು ತೆಗೆದು ಎಕ್ಸಾನ್‌ಗಳನ್ನು ಬೆಸೆಯುವ ಕೆಲಸವೇ ಸ್ಪ್ಲೈಸಿಂಗ್. ಡಿಎನ್‌ಎಯಿಂದ ಆರ್‌ಎನ್‌ಎ ಪ್ರತಿ ತೆಗೆಯುವ ಕೆಲಸಕ್ಕೆ ಪಠ್ಯಗಳು ಪ್ರತಿಲೇಖನ ಎನ್ನುತ್ತವೆ. ಅದನ್ನು ನಡೆಸುವ ಕಿಣ್ವ ಆರ್‌ಎನ್‌ಎ ಪಾಲಿಮರೇಸ್-2 ಎಂಬುದು.

ಕತ್ತರಿಸಿ ಬೆಸೆಯುವ ಯಂತ್ರವಾದ ಸ್ಪ್ಲೈಸಿಯೋಸೋಮ್‌ನಲ್ಲಿ ಐದು ಪುಟ್ಟ ಆರ್‌ಎನ್‌ಎಗಳೂ ನೂರಕ್ಕೂ ಹೆಚ್ಚು ಪ್ರೊಟೀನ್‌ಗಳೂ ಇವೆ. ಆ ಪುಟ್ಟ ಆರ್‌ಎನ್‌ಎಗಳನ್ನು ಯು1, ಯು2, ಯು4, ಯು5, ಯು6 ಎಂದು ಕರೆಯುತ್ತಾರೆ. ಡಿಎನ್‌ಎ, ಆರ್‌ಎನ್‌ಎ ಎಳೆಗಳನ್ನು ಕಟ್ಟಿರುವ ರಾಸಾಯನಿಕ ಘಟಕಗಳನ್ನು ಅಕ್ಷರಗಳೆಂದು ಕರೆದರೆ, ಇಂಟ್ರಾನಿನ ಆರಂಭದಲ್ಲಿ ಸಾಮಾನ್ಯವಾಗಿ ಜಿಯು ಎಂಬ ಎರಡಕ್ಷರವೂ ಕೊನೆಯಲ್ಲಿ ಎಜಿ ಎಂಬ ಎರಡಕ್ಷರವೂ ಇರುತ್ತವೆ. ಆರಂಭದ ಗುರುತನ್ನು ಯು1 ಹಿಡಿಯುತ್ತದೆ ಎಂಬ ಸೂಚನೆಯನ್ನು 1980ರಲ್ಲಿ ಮುಂದಿಟ್ಟವರಲ್ಲಿ ಜೋನ್ ಸ್ಟೈಟ್ಜ್ ಮತ್ತು ಮೈಕೆಲ್ ಲರ್ನರ್ ಮುಖ್ಯರು. ಲೂಪಸ್ ಎಂಬ ಕಾಯಿಲೆಯವರ ರಕ್ತದಲ್ಲಿರುವ, ದೇಹದ ಸ್ವಂತ ಕಣಗಳನ್ನೇ ಹಿಡಿಯುವ ಪ್ರತಿಕಾಯಗಳನ್ನು ಬಳಸಿ ಅವರು ಈ ಪುಟ್ಟ ಆರ್‌ಎನ್‌ಎಗಳನ್ನು ಕೈವಶ ಮಾಡಿಕೊಂಡಿದ್ದರು. ರೋಗಿಗಳ ರಕ್ತದಿಂದ ಜೀವಕೋಶದ ಒಂದು ಮೂಲಭೂತ ಯಂತ್ರ ಕಣ್ಣಿಗೆ ಬಿದ್ದ ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ತಲೆಯೆತ್ತಿ ಕೇಳುತ್ತಿದ್ದುದು ನನಗೆ ನೆನಪಿದೆ.

ಹಾಗಿದ್ದರೆ ಮೂರು ಚೌಕಗಳ ಚಿತ್ರ ಹುಟ್ಟಿದ್ದು ಹೇಗೆ? ಯಾರ ಅಜಾಗರೂಕತೆಯಿಂದಲೂ ಅದು ಹುಟ್ಟಲಿಲ್ಲ, ಪ್ರಯೋಗದ ವಿಧಾನದಿಂದ ಹುಟ್ಟಿತು ಎಂಬುದು ನನ್ನ ಅಭಿಪ್ರಾಯ. 1983-84ರ ಸುಮಾರಿಗೆ ಹಲವು ಪ್ರಯೋಗಾಲಯಗಳು ಜೀವಕೋಶದ ಸಾರವನ್ನು ತೆಗೆದು, ಅದಕ್ಕೆ ಮೊದಲೇ ತಯಾರಿಸಿಟ್ಟ ಆರ್‌ಎನ್‌ಎಯನ್ನು ಸೇರಿಸಿ, ಪ್ರನಾಳದಲ್ಲೇ ಸ್ಪ್ಲೈಸಿಂಗ್ ನಡೆಯುವಂತೆ ಮಾಡಿದವು. ಅಲ್ಲಿ ಡಿಎನ್‌ಎಯೂ ಇರಲಿಲ್ಲ, ಪಾಲಿಮರೇಸ್‌ನ ಅಗತ್ಯವೂ ಬೀಳಲಿಲ್ಲ. ಇಂಟ್ರಾನ್ ಕುಣಿಕೆಯ ಆಕಾರ ತಳೆದು ಹೊರಬರುತ್ತದೆ ಎಂಬುದೂ, ಕತ್ತರಿಸುವಿಕೆ ಎರಡು ರಾಸಾಯನಿಕ ಹೆಜ್ಜೆಗಳಲ್ಲಿ ನಡೆಯುತ್ತದೆ ಎಂಬುದೂ ಹೀಗೆ ಬೇರ್ಪಡಿಸಿ ನೋಡಿದ್ದರಿಂದಲೇ ತಿಳಿಯಿತು. ಪ್ರತಿಲೇಖನವನ್ನು ಅಭ್ಯಸಿಸುವವರು ಒಂದು ಕಡೆ, ಸ್ಪ್ಲೈಸಿಂಗ್ ಅಭ್ಯಸಿಸುವವರು ಇನ್ನೊಂದು ಕಡೆ ಎಂದು ಸಂಶೋಧಕರೂ ಎರಡು ಬಣಗಳಾದರು. ಪಠ್ಯಪುಸ್ತಕಗಳೂ ಎರಡು ಅಧ್ಯಾಯಗಳಾದವು. ಪ್ರನಾಳದಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಬಹುದು ಎಂಬ ಸತ್ಯದಿಂದ ಜೀವಕೋಶದಲ್ಲಿಯೂ ಅವು ಬೇರೆಯಾಗಿಯೇ ನಡೆಯುತ್ತವೆ ಎಂಬ ತೀರ್ಮಾನಕ್ಕೆ ಜಾರುವುದು ಸುಲಭ. ಆದರೆ ಪ್ರನಾಳದ ಸ್ಪ್ಲೈಸಿಂಗ್ ಬಲು ನಿಧಾನ. ಜೀವಂತ ಕೋಶದಲ್ಲಿ ಕೆಲವೇ ಸೆಕೆಂಡುಗಳಿಂದ ಕೆಲವು ನಿಮಿಷಗಳೊಳಗೆ ಮುಗಿಯುವ ಕೆಲಸಕ್ಕೆ ಅಲ್ಲಿ ಹತ್ತಾರು ನಿಮಿಷ ಬೇಕಾಗುತ್ತಿತ್ತು. ಬೇರ್ಪಡಿಸಿದಾಗ ಏನೋ ಕೈಬಿಟ್ಟುಹೋಗಿದೆ ಎಂಬ ಸುಳಿವು ಆಗಲೇ ಅಲ್ಲಿತ್ತು.

ಡಿಸ್ಟ್ರೋಫಿನ್ ಎಂಬ ಪ್ರೊಟೀನ್‌ನ ವಂಶವಾಹಿಯನ್ನು ತೆಗೆದುಕೊಂಡು ಒಂದು ಲೆಕ್ಕ ಹಾಕಿ ನೋಡಬಹುದು. ಇದು ಕೆಟ್ಟಾಗ ಡ್ಯೂಶೆನ್ ಸ್ನಾಯುಕ್ಷಯ ಬರುತ್ತದೆ. ಈ ವಂಶವಾಹಿಯ ಉದ್ದ ಸುಮಾರು 22 ಲಕ್ಷ ಅಕ್ಷರ. ಅದರಲ್ಲಿ 79 ಎಕ್ಸಾನ್‌ಗಳಿವೆ. ಎಲ್ಲವನ್ನೂ ಬೆಸೆದ ಮೇಲೆ ಉಳಿಯುವ ಆರ್‌ಎನ್‌ಎ ಸುಮಾರು 14 ಸಾವಿರ ಅಕ್ಷರ ಮಾತ್ರ. ಪಾಲಿಮರೇಸ್ ನಿಮಿಷಕ್ಕೆ ಸ್ಥೂಲವಾಗಿ ಒಂದರಿಂದ ನಾಲ್ಕು ಸಾವಿರ ಅಕ್ಷರ ನಕಲಿಸುತ್ತದೆ. ಈ ವಂಶವಾಹಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನಕಲಿಸಲು ಸುಮಾರು 16 ಗಂಟೆ ಹಿಡಿಯುತ್ತದೆ ಎಂದು 1995ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿದವು. ಮೂರು ಚೌಕಗಳ ಚಿತ್ರ ನಿಜವಾಗಿದ್ದರೆ, ಮೊದಲ ಇಂಟ್ರಾನ್ ತಾನು ಸಿದ್ಧವಾದ ಮೇಲೂ ಕೊನೆಯ ಅಕ್ಷರ ಬರುವವರೆಗೆ ಅರ್ಧ ದಿನಕ್ಕೂ ಹೆಚ್ಚು ಕಾಲ ಬರಿದೇ ಕಾಯಬೇಕಿತ್ತು, 22 ಲಕ್ಷ ಅಕ್ಷರಗಳ ಒಂದು ಬತ್ತಲೆ ಎಳೆ ಕೋಶಕೇಂದ್ರದೊಳಗೆ ಸಿಕ್ಕುಸಿಕ್ಕಾಗಿ ತೂಗಾಡಬೇಕಿತ್ತು. ಹಾಗೆ ನಡೆಯುವುದಿಲ್ಲ. ವಂಶವಾಹಿಯ ಕೊನೆಯನ್ನು ಪಾಲಿಮರೇಸ್ ಇನ್ನೂ ಮುಟ್ಟಿರದಾಗಲೇ ಆರಂಭದ ಇಂಟ್ರಾನ್‌ಗಳು ಹೋಗಿರುತ್ತವೆ ಎಂಬುದು ಅದೇ ಅಧ್ಯಯನದಲ್ಲಿ ಕಂಡುಬಂದಿತು.

ಅದಕ್ಕೂ ಮೊದಲೇ, 1988ರಲ್ಲಿ, ಆನ್ ಬೇಯರ್ ಮತ್ತು ಇವೊನ್ ಓಷೈಮ್ ಹಣ್ಣುನೊಣದ ಭ್ರೂಣಗಳಿಂದ ತೆಗೆದ ವಂಶವಾಹಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಡಿ ನೋಡಿ, ಡಿಎನ್‌ಎಗೆ ಇನ್ನೂ ಅಂಟಿಕೊಂಡಿದ್ದ, ಅರ್ಧವಷ್ಟೇ ಬೆಳೆದಿದ್ದ ಆರ್‌ಎನ್‌ಎ ಎಳೆಗಳ ಮೇಲೆ ಕಣಗಳು ಕೂತಿರುವುದನ್ನೂ, ಎಳೆಯ ನಡುವೆ ಕುಣಿಕೆ ಮೂಡಿ ಮುಂದೆ ಆ ಕುಣಿಕೆಯೇ ಇಲ್ಲವಾಗುವುದನ್ನೂ ದಾಖಲಿಸಿದರು. ಆ ಚಿತ್ರಗಳನ್ನು ಒಮ್ಮೆ ನೋಡಿದವರಿಗೆ ಬೇರೆ ವಾದ ಬೇಕಾಗುವುದಿಲ್ಲ. ನಕಲು ನಡೆಯುತ್ತಿರುವಾಗಲೇ ಕತ್ತರಿಯೂ ಆಡುತ್ತಿದೆ.

ಒಂದೇ ಹೊತ್ತಿನಲ್ಲಿ ನಡೆಯುವುದು ಬೇರೆ, ಒಂದನ್ನೊಂದು ಕೇಳಿಕೊಂಡು ನಡೆಯುವುದು ಬೇರೆ. ಎರಡು ಕೆಲಸಗಳಿಗೆ ನಿಜವಾದ ಸಂಬಂಧವಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಾಲಿಮರೇಸ್‌ನ ಬಾಲದಲ್ಲಿ. ಈ ಕಿಣ್ವದ ಅತಿದೊಡ್ಡ ಪ್ರೊಟೀನ್ ಸರಪಳಿಯ ಕೊನೆಯಲ್ಲಿ ಏಳು ಅಮೈನೋ ಆಮ್ಲಗಳ ಒಂದು ಪುಟ್ಟ ಸಾಲು ಮತ್ತೆಮತ್ತೆ ಬರುತ್ತದೆ. ಮನುಷ್ಯರಲ್ಲಿ 52 ಸಲ, ಹಿಟ್ಟನ್ನು ಹುದುಗಿಸುವ ಯೀಸ್ಟ್‌ನಲ್ಲಿ 26 ಸಲ. ನಿಶ್ಚಿತ ಆಕಾರವಿಲ್ಲದ ಈ ಬಾಲ, ಹೊಸ ಆರ್‌ಎನ್‌ಎ ಹೊರಬರುವ ಬಾಯಿಯ ಹತ್ತಿರವೇ ಇರುತ್ತದೆ. 1997ರಲ್ಲಿ ಡೇವಿಡ್ ಬೆಂಟ್ಲಿ ಮತ್ತು ಸಹೋದ್ಯೋಗಿಗಳು ಈ ಬಾಲವನ್ನು ಮೊಟಕುಗೊಳಿಸಿ ನೋಡಿದರು. ನಕಲಿಸುವ ಕೆಲಸ ನಿಲ್ಲಲಿಲ್ಲ. ಆದರೆ ಸ್ಪ್ಲೈಸಿಂಗ್ ಕುಂಟಿತು, ಆರ್‌ಎನ್‌ಎಯ ಕೊನೆಯನ್ನು ಸರಿಯಾದ ಜಾಗದಲ್ಲಿ ಕತ್ತರಿಸುವ ಕೆಲಸವೂ ಕೆಟ್ಟಿತು. ನಕಲಿಸಲು ಬೇಡವಾದ ಅಂಗವೊಂದು ನಕಲಿಸುವ ಕಿಣ್ವದಲ್ಲಿಯೇ ಏಕಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಈ ಬಾಲದ ಕಾರ್ಯವಿಧಾನವನ್ನು ತುಸು ವಿವರಿಸುವುದು ಅಗತ್ಯ, ಏಕೆಂದರೆ ಇಡೀ ಹೊಂದಾಣಿಕೆಯ ಗುಟ್ಟು ಇಲ್ಲಿದೆ. ಏಳು ಅಮೈನೋ ಆಮ್ಲಗಳ ಆ ಸಾಲಿನಲ್ಲಿ ಎರಡನೆಯ, ಐದನೆಯ ಮತ್ತು ಏಳನೆಯ ಸ್ಥಾನಗಳಲ್ಲಿ ಸೆರೀನ್ ಇದೆ. ಪಾಲಿಮರೇಸ್ ವಂಶವಾಹಿಯ ಆರಂಭದಲ್ಲಿರುವಾಗ ಐದನೆಯ ಸೆರೀನ್‌ಗೆ ಫಾಸ್ಫೇಟ್ ಅಂಟುತ್ತದೆ. ಆ ಗುರುತನ್ನು ಕಂಡು, ಆರ್‌ಎನ್‌ಎಯ ಮೊದಲ ತುದಿಗೆ ರಕ್ಷಣೆಯ ಟೊಪ್ಪಿ ಹಾಕುವ ಕಿಣ್ವಗಳು ಬಂದು ಕೂರುತ್ತವೆ. ಎಳೆ ಇಪ್ಪತ್ತು ಮೂವತ್ತು ಅಕ್ಷರ ಬೆಳೆಯುವಷ್ಟರಲ್ಲಿ ಟೊಪ್ಪಿಯ ಕೆಲಸ ಆರಂಭವಾಗಿರುತ್ತದೆ. ಪಾಲಿಮರೇಸ್ ಮುಂದೆ ಸಾಗಿದಂತೆ ಎರಡನೆಯ ಸೆರೀನ್‌ನ ಮೇಲಿನ ಫಾಸ್ಫೇಟ್ ಹೆಚ್ಚುತ್ತದೆ. ಆಗ ಸೇರುವ ಬಳಗ ಬೇರೆ. ವಂಶವಾಹಿಯ ಯಾವ ಭಾಗದಲ್ಲಿ ಪಾಲಿಮರೇಸ್ ಇದೆ ಎಂಬ ಸುದ್ದಿ ಹೀಗೆ ಅದರ ಬಾಲದ ಮೇಲೆಯೇ ಬರೆದಿರುತ್ತದೆ, ಆ ಬರಹವನ್ನು ಓದಿ ಆಯಾ ಹೊತ್ತಿಗೆ ಬೇಕಾದ ಪ್ರೊಟೀನ್‌ಗಳು ಆಯಾ ಜಾಗಕ್ಕೆ ಬರುತ್ತವೆ.

ಬಾಲವಷ್ಟೇ ಅಲ್ಲ, ಪಾಲಿಮರೇಸ್‌ನ ದೇಹವೂ ಸ್ಪ್ಲೈಸಿಂಗ್ ಯಂತ್ರವನ್ನು ನೇರವಾಗಿ ಹಿಡಿದುಕೊಳ್ಳುತ್ತದೆ ಎಂಬುದು 2021ರಲ್ಲಿ ಕಣ್ಣಿಗೆ ಕಂಡಿತು. ಸುಯಾಂಗ್ ಜಾಂಗ್, ಪ್ಯಾಟ್ರಿಕ್ ಕ್ರಾಮರ್ ಮತ್ತು ಸಹೋದ್ಯೋಗಿಗಳು ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ, ನಕಲಿಸುತ್ತಿರುವ ಪಾಲಿಮರೇಸ್‌ನ ಮೇಲೆ ಯು1 ಕಣ (ಯು1 ಮತ್ತು ಅದರ ಜೊತೆಯ ಪ್ರೊಟೀನ್‌ಗಳ ಕೂಟ) ಕೂತಿರುವ ರಚನೆಯನ್ನು ಪ್ರಕಟಿಸಿದರು. ಆರ್‌ಎನ್‌ಎ ಹೊರಬರುವ ಬಾಯಿಯ ಪಕ್ಕದಲ್ಲೇ ಯು1 ಇದೆ. ಇದರ ಅರ್ಥವನ್ನು ಹೀಗೆ ಊಹಿಸಬಹುದು: ಇಂಟ್ರಾನಿನ ಮೊದಲ ಅಕ್ಷರಗಳು ಹೊರಬಂದ ಕೂಡಲೇ ಯು1 ಅವನ್ನು ಹಿಡಿದುಕೊಳ್ಳುತ್ತದೆ, ಪಾಲಿಮರೇಸ್ ಆ ತುದಿಯನ್ನು ಜೊತೆಯಲ್ಲೇ ಒಯ್ಯುತ್ತ ಮುಂದೆ ಸಾಗುತ್ತದೆ, ನಡುವಿನ ಇಂಟ್ರಾನ್ ಕುಣಿಕೆಯಾಗಿ ಬೆಳೆಯುತ್ತ ಹೋಗುತ್ತದೆ, ಮುಂದಿನ ಎಕ್ಸಾನ್ ಹೊರಬಂದಾಗ ಅದರ ಜೊತೆಗಾರ ಸಾವಿರಾರು ಅಕ್ಷರಗಳಷ್ಟು ದೂರದಲ್ಲಿ ಕಳೆದುಹೋಗಿರದೆ ಅಲ್ಲೇ ಪಕ್ಕದಲ್ಲಿರುತ್ತದೆ.

ಮನುಷ್ಯರ ವಂಶವಾಹಿಗಳಿಗೆ ಈ ಏರ್ಪಾಡು ಎಷ್ಟು ಅಗತ್ಯ ಎಂಬುದನ್ನು ಯೋಚಿಸಬೇಕು. ನಮ್ಮ ಎಕ್ಸಾನ್‌ಗಳು ಸರಾಸರಿ 150 ಅಕ್ಷರಗಳ ಆಸುಪಾಸಿನವು. ಇಂಟ್ರಾನ್‌ಗಳು ಸಾವಿರಗಳಲ್ಲಿ, ಕೆಲವು ಲಕ್ಷಗಳಲ್ಲಿ. ಜಿಯು, ಎಜಿ ಎಂಬ ಎರಡಕ್ಷರದ ಗುರುತುಗಳೋ ಎಲ್ಲೆಂದರಲ್ಲಿ ಆಕಸ್ಮಿಕವಾಗಿ ಬರುವಂಥವು. ಇಡೀ ಪ್ರತಿ ಸಿದ್ಧವಾದ ಮೇಲೆ ಅದನ್ನು ಯಂತ್ರದ ಮುಂದೆ ಸುರಿದು, ನಿಜವಾದ ಗಡಿಗಳನ್ನು ಹುಡುಕು ಎಂದರೆ ತಪ್ಪುಗಳಿಗೆ ಮಿತಿಯೇ ಇರದು. ಎಳೆ ಹೊರಬಂದಷ್ಟನ್ನೇ, ಬಂದ ಕ್ರಮದಲ್ಲಿಯೇ ಓದುತ್ತ ಹೋದಾಗ ಪ್ರತಿ ಹಂತದಲ್ಲಿ ಆಯ್ಕೆಗಳು ಕೆಲವೇ ಆಗಿರುತ್ತವೆ. ಪತ್ರಿಕೆಯ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಸಾವಿರ ಪುಟಗಳ ಕರಡು ಪೂರ್ತಿ ಅಚ್ಚಾಗಿ ಬಂದ ಮೇಲೆ ತಿದ್ದಲು ಕೂರುವುದಕ್ಕೂ, ಪುಟ ಹೊರಬಂದಂತೆಲ್ಲ ಅಚ್ಚಿನ ಯಂತ್ರದ ಪಕ್ಕದಲ್ಲೇ ಕೂತು ತಿದ್ದುವುದಕ್ಕೂ ಇರುವ ವ್ಯತ್ಯಾಸ ಅದು. ಹೋಲಿಕೆ ಇಲ್ಲಿಗೇ ಮುಗಿಯುತ್ತದೆ. ಅಚ್ಚಿನ ಯಂತ್ರ ತಿದ್ದುವವರ ಮಾತು ಕೇಳಿ ವೇಗ ಬದಲಿಸುವುದಿಲ್ಲ. ಜೀವಕೋಶದಲ್ಲಿ ಅದೂ ನಡೆಯುತ್ತದೆ, ಮುಂದೆ ಹೇಳುತ್ತೇನೆ.

ಕತ್ತರಿ ಎಷ್ಟು ಬೇಗ ಆಡುತ್ತದೆ ಎಂಬುದನ್ನು ಕಾರ್ಲಾ ನಾಯ್‌ಗೆಬಾವರ್ ಅವರ ತಂಡ 2016ರಲ್ಲಿ ಯೀಸ್ಟ್‌ನಲ್ಲಿ ಅಳೆಯಿತು. ಇಂಟ್ರಾನಿನ ಕೊನೆಯನ್ನು ದಾಟಿ ಪಾಲಿಮರೇಸ್ 45 ಅಕ್ಷರದಷ್ಟು ಮುಂದೆ ಹೋಗುವುದರೊಳಗೆ ಅರ್ಧದಷ್ಟು ಪ್ರತಿಗಳಲ್ಲಿ ಸ್ಪ್ಲೈಸಿಂಗ್ ಮುಗಿದಿತ್ತು. ಪಾಲಿಮರೇಸ್‌ನ ಒಡಲೊಳಗೇ ಸುಮಾರು 15ರಿಂದ 20 ಅಕ್ಷರ ಮುಚ್ಚಿಕೊಂಡಿರುತ್ತವೆ ಎಂಬುದನ್ನು ಗಮನಿಸಿದರೆ, ಇಂಟ್ರಾನ್ ಹೊರಗೆ ಇಣುಕಿದ್ದೇ ತಡ ಕೆಲಸ ಆಗಿಹೋಗಿದೆ ಎಂದರ್ಥ. ಮನುಷ್ಯರ ಕೋಶಗಳಲ್ಲಿ ಇಷ್ಟು ತ್ವರೆಯಿಲ್ಲ. ಅನೇಕ ಇಂಟ್ರಾನ್‌ಗಳು ಪಾಲಿಮರೇಸ್ ಕೆಲವು ಸಾವಿರ ಅಕ್ಷರ ಮುಂದೆ ಹೋದ ಮೇಲೆ ಕತ್ತರಿಸಲ್ಪಡುತ್ತವೆ, ಮುಂದಿನ ಇಂಟ್ರಾನ್ ಹಿಂದಿನದಕ್ಕಿಂತ ಮೊದಲೇ ಹೋಗುವುದೂ ಉಂಟು. ಇನ್ನು ಕೆಲವು, ಪ್ರತಿ ಪೂರ್ತಿಯಾಗಿ ಡಿಎನ್‌ಎಯಿಂದ ಬಿಡಿಸಿಕೊಂಡ ನಂತರವೇ ಹೋಗುತ್ತವೆ. ಆದ್ದರಿಂದ ಹಳೆಯ ಚಿತ್ರ ಎಲ್ಲ ಸಂದರ್ಭಕ್ಕೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ಅಪವಾದವನ್ನು ನಿಯಮವೆಂದು ತೋರಿಸುತ್ತದೆ ಎಂಬುದಷ್ಟೇ ನನ್ನ ಆಕ್ಷೇಪ.

ಈಗ ವೇಗದ ಮಾತಿಗೆ ಬರುತ್ತೇನೆ. ಈ ಇಡೀ ಕ್ಷೇತ್ರದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಇದೇ. ಒಂದೇ ವಂಶವಾಹಿಯಿಂದ ಎಕ್ಸಾನ್‌ಗಳನ್ನು ಬೇರೆಬೇರೆ ರೀತಿಯಲ್ಲಿ ಜೋಡಿಸಿ ಹಲವು ಪ್ರೊಟೀನ್‌ಗಳನ್ನು ಮಾಡಬಹುದು. ಮನುಷ್ಯರಲ್ಲಿ ಪ್ರೊಟೀನ್‌ಗೆ ಸಂಬಂಧಿಸಿದ ವಂಶವಾಹಿಗಳು ಸುಮಾರು 20 ಸಾವಿರ. ಅವುಗಳಲ್ಲಿ ಹಲವು ಎಕ್ಸಾನ್‌ಗಳಿರುವ ವಂಶವಾಹಿಗಳ ಪೈಕಿ ಶೇಕಡಾ 90ಕ್ಕೂ ಹೆಚ್ಚಿನವು ಹೀಗೆ ಪರ್ಯಾಯವಾಗಿ ಜೋಡಣೆಗೊಳ್ಳುತ್ತವೆ. ಯಾವ ಎಕ್ಸಾನ್ ಉಳಿಯಬೇಕು, ಯಾವುದು ಬಿಟ್ಟುಹೋಗಬೇಕು ಎಂಬುದನ್ನು ಆರ್‌ಎನ್‌ಎಗೆ ಅಂಟುವ ಪ್ರೊಟೀನ್‌ಗಳೇ ನಿರ್ಧರಿಸುತ್ತವೆ ಎಂದು ಬಹುಕಾಲ ತಿಳಿಯಲಾಗಿತ್ತು. ಬ್ಯೂನಸ್ ಐರಿಸ್‌ನ ಆಲ್ಬರ್ಟೋ ಕಾರ್ನ್‌ಬ್ಲಿಟ್ ಅವರ ತಂಡ 1997ರಲ್ಲಿ ಫೈಬ್ರೊನೆಕ್ಟಿನ್ ಎಂಬ ಪ್ರೊಟೀನ್‌ನ ವಂಶವಾಹಿಯ ಮೇಲೆ ಒಂದು ಪ್ರಯೋಗ ನಡೆಸಿತು. ಎಕ್ಸಾನ್‌ಗಳನ್ನೂ ಇಂಟ್ರಾನ್‌ಗಳನ್ನೂ ಮುಟ್ಟದೆ, ನಕಲಿಸುವಿಕೆ ಎಲ್ಲಿಂದ ಶುರುವಾಗುತ್ತದೋ ಆ ಆರಂಭದ ಡಿಎನ್‌ಎ ಭಾಗವನ್ನಷ್ಟೇ ಬದಲಿಸಿತು. ಪ್ರತಿಯಾಗುವ ಆರ್‌ಎನ್‌ಎ ಅದೇ. ಆದರೂ ಒಂದು ಎಕ್ಸಾನ್ ಉಳಿಯುವ ಪ್ರಮಾಣ ಬದಲಾಯಿತು. ನಕಲು ಹೇಗೆ ಶುರುವಾಯಿತು ಎಂಬುದು ಎಷ್ಟೋ ಸಾವಿರ ಅಕ್ಷರಗಳ ಆಚೆಯ ಜೋಡಣೆಯನ್ನು ಹೇಗೆ ತಟ್ಟಿತು?

ವೇಗದ ಮೂಲಕ ಎಂಬುದು ಅವರ ಉತ್ತರವಾಗಿತ್ತು. ದುರ್ಬಲ ಗುರುತುಗಳುಳ್ಳ ಒಂದು ಎಕ್ಸಾನ್ ಇದೆ, ಅದರ ಮುಂದೆ ಪ್ರಬಲ ಗುರುತುಳ್ಳ ಇನ್ನೊಂದಿದೆ ಎನ್ನಿ. ಪಾಲಿಮರೇಸ್ ಬಿರುಸಾಗಿ ಹೋದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಹೊರಬಂದು, ಯಂತ್ರ ಪ್ರಬಲವಾದುದನ್ನು ಆರಿಸಿಕೊಳ್ಳುತ್ತದೆ. ದುರ್ಬಲವಾದುದು ಇಂಟ್ರಾನಿನೊಡನೆ ಕಸವಾಗಿ ಹೋಗುತ್ತದೆ. ಪಾಲಿಮರೇಸ್ ನಿಧಾನಿಸಿದರೆ, ಪ್ರತಿಸ್ಪರ್ಧಿ ಇನ್ನೂ ಹುಟ್ಟದಿರುವಾಗ, ದುರ್ಬಲ ಎಕ್ಸಾನ್‌ಗೆ ಒಂದಿಷ್ಟು ಸಮಯ ಸಿಗುತ್ತದೆ. ಅಷ್ಟರಲ್ಲಿ ಅದರ ಗಡಿಗಳನ್ನು ಯಂತ್ರ ಗುರುತಿಸಿಬಿಡುತ್ತದೆ. 2003ರಲ್ಲಿ ಅದೇ ತಂಡ, ಹುಟ್ಟಾ ನಿಧಾನವಾಗಿ ಸಾಗುವ ಒಂದು ಬದಲಾದ ಪಾಲಿಮರೇಸ್ ಬಳಸಿ, ಆ ಎಕ್ಸಾನ್ ಹೆಚ್ಚು ಪ್ರತಿಗಳಲ್ಲಿ ಉಳಿಯುವುದನ್ನು ತೋರಿಸಿತು. ಒಂದೇ ಬರಹವನ್ನು ಎಷ್ಟು ವೇಗವಾಗಿ ಓದಿದೆವು ಎಂಬುದರ ಮೇಲೆ ಅದರ ಅರ್ಥವೇ ಬದಲಾಗುತ್ತದೆ ಎಂಬುದು ನನ್ನ ಮಟ್ಟಿಗೆ ಜೀವವಿಜ್ಞಾನದ ಅತ್ಯಂತ ಬೆರಗಿನ ಸಂಗತಿಗಳಲ್ಲೊಂದು, ಮೂರು ಚೌಕಗಳ ಚಿತ್ರದಲ್ಲಿ ಈ ಸಂಗತಿಗೆ ಜಾಗವೇ ಇಲ್ಲ.

ನಿಧಾನವೆಂದರೆ ಯಾವಾಗಲೂ ಎಕ್ಸಾನ್ ಉಳಿಯುತ್ತದೆ ಎಂದು ಸೂತ್ರ ಮಾಡಿಕೊಳ್ಳುವುದೂ ತಪ್ಪಾದೀತು. ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಗೆ ಸಂಬಂಧಿಸಿದ ವಂಶವಾಹಿಯ ಒಂಬತ್ತನೆಯ ಎಕ್ಸಾನ್‌ನಲ್ಲಿ ಪಾಲಿಮರೇಸ್ ನಿಧಾನಿಸಿದಾಗ ಎಕ್ಸಾನ್ ಬಿಟ್ಟುಹೋಗುವುದೇ ಹೆಚ್ಚಾಯಿತು ಎಂದು 2014ರಲ್ಲಿ ಕಂಡುಬಂದಿತು. ಸಿಕ್ಕ ಹೆಚ್ಚುವರಿ ಸಮಯವನ್ನು ಅಲ್ಲಿ ಬಳಸಿಕೊಂಡದ್ದು ತಡೆಯೊಡ್ಡುವ ಪ್ರೊಟೀನ್. ಸಮಯ ಸಿಕ್ಕಿದ್ದು ಯಾರಿಗೆ ಎಂಬುದೇ ಮುಖ್ಯ.

ಈ ವೇಗ ಪ್ರಯೋಗಾಲಯದ ಕೌತುಕವಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೋಶಗಳಿಗೆ ನೇರಳಾತೀತ ಕಿರಣ ತಗುಲಿ ಡಿಎನ್‌ಎಗೆ ಹಾನಿಯಾದಾಗ ಪಾಲಿಮರೇಸ್‌ನ ಬಾಲಕ್ಕೆ ಅತಿಯಾಗಿ ಫಾಸ್ಫೇಟ್ ಅಂಟಿ, ಅದರ ಓಟ ನಿಧಾನವಾಗುತ್ತದೆ. ಆಗ ಕೋಶದ ಸಾವು ಬದುಕನ್ನು ನಿರ್ಧರಿಸುವ ಕೆಲವು ವಂಶವಾಹಿಗಳ ಜೋಡಣೆ ಬದಲಾಗಿ, ಕೆಟ್ಟ ಕೋಶ ತನ್ನನ್ನು ತಾನೇ ಕೊನೆಗಾಣಿಸುವ ಕಡೆ ವಾಲುತ್ತದೆ ಎಂದು 2009ರಲ್ಲಿ ವರದಿಯಾಯಿತು. ಗಿಡಗಳಲ್ಲಿ ಬೆಳಕು ಬಿದ್ದಾಗ ಪಾಲಿಮರೇಸ್ ವೇಗವಾಗಿಯೂ ಕತ್ತಲಲ್ಲಿ ನಿಧಾನವಾಗಿಯೂ ಸಾಗುತ್ತದೆ, ಆ ವ್ಯತ್ಯಾಸದಿಂದಲೇ ಕೆಲವು ವಂಶವಾಹಿಗಳ ಜೋಡಣೆ ಹಗಲಿಗೊಂದು ಇರುಳಿಗೊಂದು ಆಗುತ್ತದೆ ಎಂದು 2019ರಲ್ಲಿ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಅಧ್ಯಯನ ತೋರಿಸಿತು. ಹೊರಜಗತ್ತಿನ ಸುದ್ದಿ ಪ್ರೊಟೀನ್‌ನ ಆಕಾರಕ್ಕೆ ತಲುಪುವ ಒಂದು ದಾರಿ ಹೀಗಿದೆ.

ಡಿಎನ್‌ಎ ಸುತ್ತಿಕೊಂಡಿರುವ ಪ್ರೊಟೀನ್ ಉಂಡೆಗಳಿಗೂ ಇದರಲ್ಲಿ ಪಾತ್ರವಿದೆ. ಒಂದೊಂದು ಉಂಡೆಯ ಸುತ್ತ 147 ಅಕ್ಷರಗಳಷ್ಟು ಡಿಎನ್‌ಎ ಸುತ್ತಿರುತ್ತದೆ, ಅಂದರೆ ಒಂದು ಎಕ್ಸಾನ್‌ನ ಸರಾಸರಿ ಉದ್ದಕ್ಕೆ ಬಹಳ ಹತ್ತಿರ. ಇಂಟ್ರಾನ್‌ಗಳಿಗಿಂತ ಎಕ್ಸಾನ್‌ಗಳ ಮೇಲೆ ಇಂಥ ಉಂಡೆಗಳು ಹೆಚ್ಚಾಗಿರುತ್ತವೆ ಎಂದು 2009ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ಕಂಡುಕೊಂಡವು. ಎಕ್ಸಾನ್ ಬಂದಾಗ ಪಾಲಿಮರೇಸ್‌ನ ದಾರಿಯಲ್ಲಿ ಒಂದು ದಿಬ್ಬ ಎದುರಾಗುತ್ತದೆ ಎಂದು ಭಾವಿಸಬಹುದು.

ಇಲ್ಲಿಯವರೆಗೆ ಹೇಳಿದ್ದು ನಕಲಿಸುವಿಕೆ ಜೋಡಣೆಯನ್ನು ಪ್ರಭಾವಿಸುವ ಬಗೆ. ಜೋಡಣೆಯ ಯಂತ್ರವೂ ನಕಲಿಸುವಿಕೆಗೆ ತಿರುಗಿ ಮಾತು ಕೊಡುತ್ತದೆ. ಬಾಣ ಎರಡೂ ಕಡೆಗಿದೆ. ಇಂಟ್ರಾನ್ ಇರುವ ವಂಶವಾಹಿಗಳು ಇಲ್ಲದವುಗಳಿಗಿಂತ ಚೆನ್ನಾಗಿ ನಕಲಾಗುತ್ತವೆ ಎಂದು 1988ರಲ್ಲಿಯೇ ರಾಲ್ಫ್ ಬ್ರಿನ್‌ಸ್ಟರ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದರು. 2010ರಲ್ಲಿ ಗಿಡಿಯನ್ ಡ್ರೈಫಸ್ ಅವರ ತಂಡ ಯು1 ಕಣವನ್ನು ನಿಷ್ಕ್ರಿಯಗೊಳಿಸಿ ನೋಡಿತು. ಇಂಟ್ರಾನ್‌ಗಳು ಉಳಿದುಬಿಡುತ್ತವೆ ಎಂದು ಯಾರಾದರೂ ನಿರೀಕ್ಷಿಸುವಂಥದ್ದೇ. ಆದರೆ ಅದಕ್ಕಿಂತ ಎದ್ದು ಕಂಡದ್ದು ಬೇರೆ. ಅನೇಕ ವಂಶವಾಹಿಗಳ ಪ್ರತಿಗಳು ನಡುವಿನಲ್ಲೇ, ಇಂಟ್ರಾನಿನೊಳಗೆ ಅಡಗಿರುವ ಸುಳ್ಳು ಮುಕ್ತಾಯದ ಗುರುತುಗಳಲ್ಲಿ ಕತ್ತರಿಸಿಹೋದವು. ಸ್ಪ್ಲೈಸಿಂಗ್‌ನ ಮೊದಲ ಸದಸ್ಯನೆಂದು ನಾವು ಕಲಿಸುವ ಯು1, ಪ್ರತಿ ಅಕಾಲದಲ್ಲಿ ಮುಗಿದುಹೋಗದಂತೆ ಕಾಯುವ ಕೆಲಸವನ್ನೂ ಮಾಡುತ್ತದೆ. ಯು2 ಕಣದ ಕೆಲಸವನ್ನು ಔಷಧದಿಂದ ತಡೆದರೆ, ವಂಶವಾಹಿಯ ಆರಂಭದಲ್ಲಿ ತುಸು ನಿಂತು ಮುಂದುವರಿಯಬೇಕಾದ ಪಾಲಿಮರೇಸ್ ಅಲ್ಲಿಯೇ ಹೆಚ್ಚು ಹೊತ್ತು ನಿಂತುಬಿಡುತ್ತದೆ ಎಂದು 2021ರಲ್ಲಿ ಪ್ರಕಟವಾಯಿತು. ಮುಂದೆ ಜೋಡಣೆಗೆ ಜನ ಸಿದ್ಧರಿದ್ದಾರೆ ಎಂಬ ಖಾತರಿ ಸಿಕ್ಕ ಮೇಲೆ ಹೊರಡುವಂತಿದೆ ಅದರ ನಡೆ.

ಇದೆಲ್ಲ ಸಾಮಾನ್ಯ ಓದುಗರಿಗೆ ಏಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಎಳೆಯ ಮಕ್ಕಳನ್ನು ಕಾಡುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತ ಹೋಗುವ ಈ ಕಾಯಿಲೆಗೆ ಎಸ್‌ಎಂಎನ್1 ಎಂಬ ವಂಶವಾಹಿಯ ನಷ್ಟ ಕಾರಣ. ಅದರ ಪಡಿಯಚ್ಚಿನಂಥ ಎಸ್‌ಎಂಎನ್2 ಎಂಬುದೊಂದು ನಮ್ಮಲ್ಲಿದೆ. ಆದರೆ ಒಂದೇ ಅಕ್ಷರದ ವ್ಯತ್ಯಾಸದಿಂದಾಗಿ ಅದರ ಏಳನೆಯ ಎಕ್ಸಾನ್ ಹೆಚ್ಚಿನ ಪ್ರತಿಗಳಲ್ಲಿ ಬಿಟ್ಟುಹೋಗುತ್ತದೆ, ಅಂಥ ಪ್ರತಿಯಿಂದ ಬರುವ ಪ್ರೊಟೀನ್ ಬಾಳುವುದಿಲ್ಲ. ಏಡ್ರಿಯನ್ ಕ್ರೈನರ್ ಮತ್ತು ಸಹೋದ್ಯೋಗಿಗಳ ದೀರ್ಘ ಪರಿಶ್ರಮದಿಂದ ರೂಪುಗೊಂಡ ನ್ಯೂಸಿನರ್ಸೆನ್ ಎಂಬ ಔಷಧಕ್ಕೆ 2016ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೃತಕವಾಗಿ ತಯಾರಿಸಿದ ಪುಟ್ಟ ಎಳೆಯೊಂದು ಏಳನೆಯ ಇಂಟ್ರಾನಿನ ಮೇಲೆ ಕೂತು, ತಡೆಯೊಡ್ಡುವ ಪ್ರೊಟೀನ್‌ಗಳಿಗೆ ಜಾಗ ಸಿಗದಂತೆ ಮಾಡಿ, ಎಕ್ಸಾನ್ ಉಳಿಯುವಂತೆ ನೋಡಿಕೊಳ್ಳುತ್ತದೆ. ಇದು ಶುದ್ಧ ಸ್ಪ್ಲೈಸಿಂಗ್ ಔಷಧವೆಂದೇ ಎಲ್ಲರ ತಿಳಿವಳಿಕೆಯಾಗಿತ್ತು.

2022ರಲ್ಲಿ ಕ್ರೈನರ್ ಮತ್ತು ಕಾರ್ನ್‌ಬ್ಲಿಟ್ ಅವರ ತಂಡಗಳು ಕೂಡಿ ಪ್ರಕಟಿಸಿದ ಸಂಶೋಧನೆ ಈ ತಿಳಿವಳಿಕೆಗೆ ಒಂದು ಹೊಸ ಪದರ ಸೇರಿಸಿತು. ಆರ್‌ಎನ್‌ಎಗೆ ಅಂಟುವ ಆ ಪುಟ್ಟ ಎಳೆ, ಆರ್‌ಎನ್‌ಎ ಹುಟ್ಟುತ್ತಿರುವ ಜಾಗದ ಡಿಎನ್‌ಎ ಉಂಡೆಗಳ ಮೇಲೂ ಒಂದು ಮೌನಮುದ್ರೆ, ಅಂದರೆ ವಂಶವಾಹಿಯನ್ನು ಅಡಗಿಸುವ ರಾಸಾಯನಿಕ ಗುರುತು, ಬೀಳುವಂತೆ ಮಾಡುತ್ತದೆ; ಅದರಿಂದ ಪಾಲಿಮರೇಸ್‌ನ ದಾರಿಗೆ ಅಡ್ಡಗಟ್ಟಿದಂತಾಗಿ, ಓಟ ನಿಧಾನಿಸಿ, ಔಷಧ ಉಳಿಸಬೇಕೆಂದಿರುವ ಎಕ್ಸಾನ್‌ಗೇ ತೊಡಕಾಗುತ್ತದೆ. ಈ ಅಡ್ಡಿಯನ್ನು ತೆರವುಗೊಳಿಸಬಲ್ಲ ವಾಲ್‌ಪ್ರೋಯಿಕ್ ಆಮ್ಲವನ್ನು ನ್ಯೂಸಿನರ್ಸೆನ್‌ನಂಥ ಎಳೆಯ ಜೊತೆಯಲ್ಲಿ ಕೊಟ್ಟಾಗ, ಈ ಕಾಯಿಲೆಯಿರುವ ಇಲಿಗಳ ಬೆಳವಣಿಗೆ, ಬದುಕುಳಿಯುವಿಕೆ ಮತ್ತು ಸ್ನಾಯುಗಳ ಕೆಲಸ ಮೂರೂ ಗಣನೀಯವಾಗಿ ಸುಧಾರಿಸಿದವು. ಇದು ಇಲಿಗಳಲ್ಲಿ ಕಂಡ ಫಲಿತಾಂಶ ಎಂಬುದನ್ನು ಒತ್ತಿ ಹೇಳಬೇಕು. ಇದನ್ನೋದಿ ಯಾವ ತಂದೆತಾಯಿಯೂ ವೈದ್ಯರನ್ನು ಕೇಳದೆ ಮಗುವಿಗೆ ಯಾವ ಔಷಧವನ್ನೂ ಸೇರಿಸಕೂಡದು. ನನ್ನ ವಾದಕ್ಕೆ ಇದರಿಂದ ಸಿಗುವ ಬಲ ಬೇರೆಯದು. ನಕಲಿಸುವಿಕೆಯನ್ನೂ ಜೋಡಣೆಯನ್ನೂ ಎರಡು ಚೌಕಗಳಲ್ಲಿ ಇಟ್ಟು ಕಲಿತವರಿಗೆ, ಎರಡನೆಯ ಚೌಕದ ಔಷಧ ಮೊದಲನೆಯ ಚೌಕವನ್ನು ಕೆಡಿಸಬಹುದು ಎಂಬ ಅನುಮಾನವೇ ಬರುವುದಿಲ್ಲ. ಆ ಅನುಮಾನ ಬಂದವರಿಂದಲೇ ಈ ಸಂಶೋಧನೆ ಸಾಧ್ಯವಾಯಿತು.

ಕ್ಲಿಷ್ಟ ವಿಷಯವನ್ನು ಸರಳಗೊಳಿಸದೆ ಪತ್ರಿಕೆಯಲ್ಲಿ ಬರೆಯಲಾಗದು ಎಂಬುದು ನಿಜ. ಆದರೆ ಸರಳಗೊಳಿಸುವಾಗ ವಿವರಗಳನ್ನು ಬಿಡಬಹುದೇ ಹೊರತು ಕ್ರಮವನ್ನು ಬದಲಿಸಬಾರದು. ಬಾಲದ ಮೇಲಿನ ಫಾಸ್ಫೇಟ್‌ಗಳನ್ನೂ ಯು1, ಯು2ಗಳನ್ನೂ ಧಾರಾಳವಾಗಿ ಬಿಟ್ಟುಬಿಡಿ. ನಕಲು ನಡೆಯುತ್ತಿರುವಾಗಲೇ ಜೋಡಣೆಯೂ ನಡೆಯುತ್ತದೆ ಎಂಬ ಒಂದು ವಾಕ್ಯ ಎಂಟನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಪರೀಕ್ಷೆಗಳಲ್ಲಿ ಈ ಕ್ರಿಯೆಗಳನ್ನು ಅನುಕ್ರಮದಲ್ಲಿ ಜೋಡಿಸಿ ಬರೆಯಿರಿ ಎಂದು ಕೇಳುವ ಪ್ರಶ್ನೆಯನ್ನು ನಾನೂ ಹಿಂದೆ ಹಾಕುತ್ತಿದ್ದೆ. ಎರಡೂ ಒಟ್ಟಿಗೆ ನಡೆಯುತ್ತವೆ ಎಂದು ಒಬ್ಬ ವಿದ್ಯಾರ್ಥಿನಿ ಉತ್ತರಿಸಿದ್ದಳು; ಮೌಲ್ಯಮಾಪನದ ಮಾದರಿ ಉತ್ತರದಲ್ಲಿ ಹಾಗಿಲ್ಲದ ಕಾರಣ ಆಕೆಗೆ ಅಂಕ ಸಿಗಲಿಲ್ಲ. ಆ ಅಂಕ ನ್ಯಾಯವಾಗಿ ಅವಳದ್ದಾಗಿತ್ತು.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ತಮ್ಮ ಚಿತ್ರಕಾರರು ಮೂರು ಚೌಕಗಳ ಬದಲು ಒಂದೇ ಚಿತ್ರ ಬರೆಯಲಿ ಎಂದು ಕೋರುತ್ತೇನೆ. ಅಡ್ಡಲಾಗಿ ಡಿಎನ್‌ಎಯ ಗೆರೆ. ಅದರ ಮೇಲೆ ಎಡದಿಂದ ಬಲಕ್ಕೆ ಸಾಗುತ್ತಿರುವ, ಬಾಲವುಳ್ಳ ಪಾಲಿಮರೇಸ್. ಅದರ ಬಾಯಿಂದ ಹೊರಬರುತ್ತಿರುವ ಆರ್‌ಎನ್‌ಎ ಎಳೆ. ಆ ಎಳೆಯ ತುದಿಗೆ ಟೊಪ್ಪಿ, ನಡುವೆ ಕುಣಿಕೆಯಾಗಿ ಕಳಚಿಬೀಳುತ್ತಿರುವ ಒಂದು ಇಂಟ್ರಾನ್, ಆಗಲೇ ಬೆಸೆದುಕೊಂಡಿರುವ ಎರಡು ಎಕ್ಸಾನ್‌ಗಳು. ಪಾಲಿಮರೇಸ್‌ನ ಮುಂದೆ, ಇನ್ನೂ ನಕಲಾಗದೆ ಉಳಿದಿರುವ ಡಿಎನ್‌ಎಯ ಉದ್ದನೆಯ ಗೆರೆಯನ್ನು ಬಿಡದೆ ತೋರಿಸಬೇಕು.

ಇತಿ,
ತಮ್ಮ ವಿಶ್ವಾಸಿ,
ಜೀವವಿಜ್ಞಾನದ ನಿವೃತ್ತ ಬೋಧಕ